ನಳಕ್ಕೆ ಸುತ್ತಿದ ತಂತಿ

ಇಳಕಲ್ಲಿನ ನಮ್ಮ ಮನೆಯಲ್ಲಿ ಒಂದು ಪವರ್‌ಲೂಮ್, ಅಂದರೆ ಕರೆಂಟಿನ ಮಗ್ಗ, ಇದೆ. ಅದನ್ನು ಕೂರಿಸುವಾಗ, ಮೋಟರಿನಿಂದ ಸೋರಿದ ಕರೆಂಟು ಭೂಮಿಗೆ ಇಳಿಯಲಿ ಎಂದು ಅರ್ಥಿಂಗ್ ಗುಂಡಿ ತೋಡಬೇಕಿತ್ತು. ನಾನು ಮೂವತ್ತು ದಾಟಿದ ಮೇಲೆ ಹತ್ತನೆಯ ತರಗತಿ ಪಾಸಾದವನು. ಆಗ ಗುಂಡಿ, ಉಪ್ಪು, ಇದ್ದಿಲಿನ ಅರ್ಥಿಂಗ್ ಚಿತ್ರವನ್ನು ಪುಸ್ತಕ ನೋಡಿ ಬರೆದಿದ್ದೆ. ಆದರೆ ಅಂಗಳದಲ್ಲಿ ಒಂದು ಮೊಳ ತೋಡುವುದರೊಳಗೆ ನಮ್ಮೂರಿನ ಕೆಂಪು ಕಲ್ಲು ಹತ್ತಿತು. ಹಾರೆ ಬದಿಗಿಟ್ಟು, ಓಣಿಯವರು ಮಾಡುವಂತೆಯೇ ತಂತಿಯನ್ನು ನಳದ ಕಬ್ಬಿಣದ ಪೈಪಿಗೆ ಸುತ್ತಿಬಿಟ್ಟೆ. ಪೈಪು ಹೇಗೂ ನೆಲದೊಳಗೆ ಹೋಗುತ್ತದಲ್ಲ ಎಂದುಕೊಂಡೆ.

ಅದೇ ಪೈಪು ಗೋಡೆ ದಾಟಿ ನೆರೆಮನೆಗೂ ಹೋಗುತ್ತದೆ. ಅಲ್ಲಿರುವ ವಯಸ್ಸಾದ ಹೆಂಗಸನ್ನು ನಾನು ಚಿಗವ್ವ ಎಂದು ಕರೆಯುತ್ತೇನೆ. ನನ್ನ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದವಳು ಅವಳೇ.

ಹೋದ ವರ್ಷ ಬೀದಿ ಅಗೆದು, ನೆಲದೊಳಗಿನ ಹಳೆಯ ಕಬ್ಬಿಣ ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದರು. ಎರಡೂ ಮನೆಯೊಳಗಿನ ಕಬ್ಬಿಣ ಮಾತ್ರ ಉಳಿಯಿತು; ಅದೀಗ ನೆಲ ಮುಟ್ಟುತ್ತಿರಲಿಲ್ಲ. ನನಗೆ ತಂತಿಯ ನೆನಪಾಯಿತು. ಮುಂದೆ ನೋಡಿದರಾಯಿತು ಎಂದು ಬಿಟ್ಟೆ.

ಕೆಲವು ದಿನಗಳಲ್ಲಿ ಚಿಗವ್ವ ಬಾಗಿಲಿಗೆ ಬಂದಳು.

"ನಳ ಮುಟ್ಟಿದ್ರ ಕೈ ಜುಮ್ ಅಂತೈತೋ ತಮ್ಮಾ."

"ವಯಸ್ಸಾತು ಚಿಗವ್ವ, ಇನ್ ಮ್ಯಾಲ ಎಲ್ಲಿ ಮುಟ್ಟಿದ್ರೂ ಜುಮ್ ಅಂತೈತಿ."

"ಹೌದೇಳಪಾ, ನೀ ಸಾಲಿ ಕಲ್ತಾಂವ," ಎಂದು ನಕ್ಕು ಹೋದಳು.

ಅವತ್ತಿನಿಂದ ಅವಳು ಮಗ್ಗದ ಸದ್ದು ನಿಂತಾಗ ಮಾತ್ರ ನೀರು ಹಿಡಿಯುತ್ತಿದ್ದಳು. ಅದು ನನಗೆ ಆಗ ತಿಳಿದಿರಲಿಲ್ಲ. ಒಂದು ಬೆಳಗ್ಗೆ ಎಳೆ ಹರಿಯಿತು. ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಸ್ವಿಚ್ ಒತ್ತಿದೆ. ಗೋಡೆಯಾಚೆ ಕೊಡ ಕಲ್ಲಿಗೆ ಬಡಿದ ಸದ್ದಾಯಿತು. ಸ್ವಿಚ್ ಆರಿಸಿ ಓಡಿದೆ. ಚಿಗವ್ವ ನೀರಿನಲ್ಲಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು.

ದವಾಖಾನೆಯಲ್ಲಿ ಕೇಳಿದವರಿಗೆಲ್ಲ, "ಕಾಲು ಜಾರಿ ಬಿದ್ನಿರಿ," ಎಂದಳು. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ.

ಆ ವಾರವೇ ಪೈಪಿನಿಂದ ತಂತಿ ಬಿಚ್ಚಿ, ಮೋಟರ್ ರಿಪೇರಿ ಮಾಡಿಸಿ, ಕಲ್ಲು ಒಡೆಯುವವರನ್ನು ಕರೆಸಿ ಗುಂಡಿ ತೋಡಿಸಿದೆ. ಉಪ್ಪು ಸುರಿಯುವಾಗ ಚಿಗವ್ವ ಮುರಿದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಬಂದು ನಿಂತಳು.

"ಚಿಗವ್ವ, ನೀ ಜಾರಿ ಬೀಳ್ಲಿಲ್ಲ. ಅದು ನನ್ನ ಮೋಟರಿನ ಕರೆಂಟು."

"ಗೊತ್ತೈತಿ. ಮಗ್ಗ ನಿಂತಾಗ ನಳ ಸುಮ್ನ ಇರ್ತಿತ್ತು."

"ಮತ್ತ ಮಂದಿ ಮುಂದ ಯಾಕ ಹೇಳ್ಲಿಲ್ಲ?"

"ನೀ ಹೇಳ್ತಿ ಅಂತ ಕಾದ್ನಿ."

ಅವಳ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. ಕಂಡಿಕೆ ನಾನೇ ಸುತ್ತಿಕೊಳ್ಳುತ್ತೇನೆ. ನಳವನ್ನು ಟೆಸ್ಟರ್ ಹಚ್ಚಿ ತೋರಿಸಿದ್ದೇನೆ, ನಾನೇ ಮುಟ್ಟಿಯೂ ತೋರಿಸಿದ್ದೇನೆ. ಆದರೂ ಅವಳು ಖಾಲಿ ಕೊಡ ಇಟ್ಟುಕೊಂಡು, ನನ್ನ ಮಗ್ಗ ನಿಲ್ಲುವವರೆಗೆ ನಳದಿಂದ ದೂರವೇ ನಿಂತಿರುತ್ತಾಳೆ. ನಾನು ನಿಲ್ಲಿಸುತ್ತೇನೆ.