ಒಬ್ಬಳೇ ಮಲಗಿ ನೋಡಿದ ಹಾಸಿಗೆ

ಬೆಳಕು ಇನ್ನೂ ಕೋಟೆಗೋಡೆಯ ಆಚೆಗೇ ಇದೆ. ಆ ಗೋಡೆ ಸುತ್ತಿದ ಊರಿನ ಹೆಬ್ಬಾಗಿಲಿಗೆ ಎದುರಾಗಿ ನಿಂತ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವಳಿಗೆ ಎಚ್ಚರವಾಗಿದೆ, ಆದರೆ ಏಳುವುದಿಲ್ಲ. ಅಂಗಾತ ಮಲಗಿ ಕಿವಿಗೊಡುತ್ತಾಳೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆಯೆ? ಇಲ್ಲ. ಕಿಟಕಿಯ ಬಾಗಿಲು ಗಾಳಿಗೆ ಸದ್ದು ಮಾಡುತ್ತಿದೆಯೆ? ಮಾಡುತ್ತಿದೆ, ಸಣ್ಣಗೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹಾಗೆ. ಎರಡು ಪರದೆಗಳು ಕೂಡುವಲ್ಲಿ ಬೆರಳಗಲ ಸಂದು ಉಳಿದಿದೆ. ಸೂರ್ಯ ಗೋಡೆ ಹತ್ತಿದೊಡನೆ ಆ ಸಂದಿನಿಂದ ಬಿಸಿಲಿನ ಗೆರೆಯೊಂದು ನೇರವಾಗಿ ದಿಂಬಿಗೆ, ಮಲಗಿದವಳ ರೆಪ್ಪೆಗೆ ಬೀಳುತ್ತದೆ.

"ಇದು ನಿಂತು ಗುಡಿಸೋರಿಗೆ ಗೊತ್ತೇ ಆಗಲ್ಲ," ಎನ್ನುತ್ತಾಳೆ ಎದ್ದು ತುರುಬು ಬಿಗಿಯುತ್ತ. ಚಾವಣಿಯ ಮೂಲೆಯ ಜೇಡರ ಬಲೆಯತ್ತ ಗಲ್ಲ ಎತ್ತಿ ತೋರಿಸುತ್ತಾಳೆ. "ಅದೂ ಅಷ್ಟೇ. ಮಲಗಿದೋರಿಗೆ ಮಾತ್ರ ಕಾಣತ್ತೆ. ಬರೋರು ಮಲಗೋಕೆ ತಾನೇ ಬರೋದು?"

ಈ ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ನಿದ್ದೆಯಕ್ಕ ಎಂದು. ಜನ ಬರುವ ಕಾಲದಲ್ಲಿ ಅವಳದು ಎಲ್ಲರ ಹಾಗೆ ಕೋಣೆ ಚೊಕ್ಕಟ ಮಾಡುವ ಕೆಲಸ. ಜನ ಬಾರದ ಕಾಲದಲ್ಲಿ ಬೇರೆಯದೇ ಕೆಲಸ. ಬೀಗ ಬಿದ್ದ ಕೋಣೆಗಳಲ್ಲಿ ದಿನಕ್ಕೊಂದರಂತೆ ಉಳಿದು, ಬಂದವರ ಹಾಗೆಯೇ ಮಿಂದು, ಮಲಗಿ, ಎದ್ದು, ಏನೇನು ಕೆಟ್ಟಿದೆ ಎಂದು ಬೆಳಿಗ್ಗೆ ಕೆಳಗಿಳಿದು ಹೇಳಬೇಕು. ಹೋಟೆಲಿನ ಒಡತಿ ಹಾಕಿಕೊಟ್ಟ ಪದ್ಧತಿ ಇದು. ಒಡತಿಯನ್ನು ಊರಿಗೆ ಊರೇ ದೊಡ್ಡಮ್ಮ ಎನ್ನುತ್ತದೆ. ಮುಚ್ಚಿದ ಕೋಣೆ ಮುನಿಸಿಕೊಳ್ಳುತ್ತದೆ ಎನ್ನುವುದು ದೊಡ್ಡಮ್ಮನ ನಂಬಿಕೆ.

ಬಾಗಿಲು ಕಾಯುವವನಿಗೆ ಇದೊಂದು ದಿನನಿತ್ಯದ ತಮಾಷೆ. "ಏನಕ್ಕಾ, ಕೆಲಸ ಜೋರಾ? ಬೆವರು ಒರೆಸ್ಕೋ!" ಎಂದು ಮೆಟ್ಟಿಲಿಳಿಯುವವಳನ್ನು ಕೆಣಕುತ್ತಾನೆ.

"ನೀನೂ ಮಾಡ್ತೀಯಲ್ಲ ಅದೇ ಕೆಲಸ, ಕುರ್ಚಿ ಮೇಲೆ," ಎಂದು ಅವಳು ನಿಲ್ಲದೆ ಮುಂದೆ ಹೋಗುತ್ತಾಳೆ.

ನಿಜವಾಗಿ ಇದು ಸುಖದ ನಿದ್ದೆಯಲ್ಲ. ಒಂದು ಕೋಣೆಯ ದಿಂಬಿಗೆ ಕತ್ತು ಹೊಂದುವಷ್ಟರಲ್ಲಿ ಇನ್ನೊಂದು ಕೋಣೆ. ಮೈಯೆಲ್ಲ ಎಚ್ಚರವಿಟ್ಟು ಮಲಗಬೇಕು. ಬೇಸಗೆಯಲ್ಲಿ ಕೋಟೆಯ ಕಲ್ಲು ಹಗಲೆಲ್ಲ ಕುಡಿದ ಕಾವನ್ನು ಕತ್ತಲಾದ ಮೇಲೆ ಹೋಟೆಲಿನತ್ತ ಉಗುಳುತ್ತದೆ. ಹೆಬ್ಬಾಗಿಲ ಮುಂದಿನ ಟೋಪಿ, ಬೊಂಬೆ, ಚಿತ್ರಪಟದ ಅಂಗಡಿಗಳೆಲ್ಲ ಕದ ಎಳೆದುಕೊಂಡಿವೆ. ಗೋಡೆಯ ಮೇಲೆ ನಡೆಯಲು ಯಾರೂ ಬರುವುದಿಲ್ಲ. ಬಿಸಿಲು ಏರಿದ ಹಾಗೆ ಜನರೆಲ್ಲ ಸಮುದ್ರದ ಕಡೆ ಓಡುತ್ತಾರೆ.

ಆ ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಅವಳ ಗಂಡ ಅಡುಗೆ ಮಾಡುತ್ತಾನೆ.

ಮದುವೆಯಾದ ಹೊಸದರಲ್ಲಿ ಇಬ್ಬರೂ ಇಲ್ಲೇ ಇದ್ದರು. ಅವನು ಕೆಳಗೆ ಒಲೆಯ ಮುಂದೆ, ಅವಳು ಮೇಲೆ ಕೋಣೆಗಳಲ್ಲಿ. ಆಮೇಲೆ ಇಲ್ಲಿನ ಅಡುಗೆಮನೆಯನ್ನೇ ಮುಚ್ಚಿಬಿಡುವುದೆಂದು ತೀರ್ಮಾನವಾಯಿತು. ಮನೆಯಲ್ಲಿ ಹಾಲು ಕುಡಿಯುವ ಮಗಳು. ಅವನು ಸಮುದ್ರಕ್ಕೆ ಹೋದ, ಮುಂದಿನ ವರ್ಷವೂ ಹೋದ, ಹೋಗುತ್ತಲೇ ಇದ್ದಾನೆ. ಅಲ್ಲಿ ಜನ ತುಂಬಿದಾಗ ಇಲ್ಲಿ ಖಾಲಿ. ಇಲ್ಲಿ ತುಂಬಿದಾಗ ಅವನು ಮನೆಗೆ ಬರುತ್ತಾನೆ, ಆಗ ಅವಳಿಗೆ ಉಸಿರಾಡಲೂ ಬಿಡುವಿಲ್ಲ. ನಸುಕಿನಲ್ಲೇ ಹೊರಟವಳು ಮರಳುವಾಗ ಅನ್ನದ ಮೇಲೆ ತಟ್ಟೆ ಮುಚ್ಚಿಟ್ಟು ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ.

"ಎಬ್ಬಿಸೋಕೆ ಮನಸ್ಸು ಬರಲ್ಲ. ತಟ್ಟೆ ತೆಗೆದಾಗ ಅನ್ನ ಬಿಸಿ ಇದ್ರೆ, ಇದೀಗ ಮಲಗಿದ್ರು ಅಂತ ಲೆಕ್ಕ. ತಣ್ಣಗಿದ್ರೆ ಕಾದು ಕಾದು ಮಲಗಿದ್ರು ಅಂತ," ಎನ್ನುತ್ತಾಳೆ. ಮಗಳು ಈಗ ಬೇರೊಂದು ಊರಿನಲ್ಲಿ ನರ್ಸು. ಫೋನು ಮಾಡಿದಾಗೆಲ್ಲ ಅವಳದೊಂದೇ ಆಕ್ಷೇಪ: "ಅಮ್ಮಾ, ನೀನೂ ಅಪ್ಪಾನೂ ಒಟ್ಟಿಗಿರೋ ಫೋಟೋ ಒಂದಾದ್ರೂ ಇದ್ಯಾ? ಯಾರಾದ್ರೂ ನಂಬ್ತಾರಾ ನಿಮ್ಮಿಬ್ಬರಿಗೂ ಮದುವೆ ಆಗಿದೆ ಅಂತ?"

ನಿದ್ದೆಯಕ್ಕನ ಮಾತಿಗೆ ಹೋಟೆಲಿನಲ್ಲಿ ತೂಕವಿದೆ. ಅವಳು ಸರಿ ಎಂದ ಕೋಣೆಯನ್ನು ದೊಡ್ಡಮ್ಮ ಮತ್ತೆ ನೋಡುವುದಿಲ್ಲ. ಆ ತೂಕಕ್ಕೆ ಏಟು ಬಿದ್ದದ್ದು ಕಳೆದ ಚಳಿಗಾಲದಲ್ಲಿ. ಹೆಬ್ಬಾಗಿಲಿಗೆ ಮುಖ ಮಾಡಿದ ಮೂಲೆಯ ಕೋಣೆಗೆ ವಯಸ್ಸಾದ ದಂಪತಿ ಬಂದಿದ್ದರು. ಬೆಳಿಗ್ಗೆ ಮುದುಕಪ್ಪ ಸೊಂಟ ಹಿಡಿದುಕೊಂಡೇ ಇಳಿದುಬಂದರು. "ಅದು ಹಾಸಿಗೆನೋ ಬಾವಿನೋ? ಆ ಕಡೆಯಿಂದ ನಾನು, ಈ ಕಡೆಯಿಂದ ಇವಳು, ಇಡೀ ರಾತ್ರಿ ನಡುವಿಗೆ ಉರುಳಿ ಉರುಳಿ ಸತ್ವಿ!" ಎಂದು ಕೂಗಾಡಿದರು. ಹಿಂದೆ ನಿಂತ ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. "ಎರಡು ದಿನದಿಂದ ಮಾತು ಬಿಟ್ಟಿದ್ರು. ಹಾಸಿಗೆ ಬಿಡಬೇಕಲ್ಲ!" ಎಂದರು. ಆದರೂ ಗಂಡ ಆ ಹೊತ್ತೇ ಗಂಟು ಕಟ್ಟಿ ಬೇರೆ ಹೋಟೆಲಿಗೆ ಹೊರಟರು.

ದೊಡ್ಡಮ್ಮ ಅವಳನ್ನು ಕರೆದು ಕೇಳಿದರು, "ಆ ಹಾಸಿಗೆ ಮೇಲೆ ನೀನು ಮಲಗಿ ನೋಡಿದ್ಯಲ್ವೇನೇ?"

"ನೋಡಿದ್ದೆ. ಸರಿಯಾಗೇ ಇತ್ತು. ನಾನು ಒಬ್ಬಳೇ ಮಲಗಿದ್ದೆ ದೊಡ್ಡಮ್ಮ."

ಅಷ್ಟು ವರ್ಷಗಳಲ್ಲಿ ಯಾರಿಗೂ ಹೊಳೆದಿರದ ಸಂಗತಿ ಅದು. ಒಬ್ಬರೇ ಮಲಗಿದರೆ ಮಲಗಿದಲ್ಲೇ ತಗ್ಗು, ಅಲ್ಲೇ ನಿದ್ದೆ. ಇಬ್ಬರು ಮಲಗಿದಾಗ ಮಾತ್ರ ಇಬ್ಬರ ನಡುವೆ ಏನಿದೆ ಎನ್ನುವುದು ತಿಳಿಯುತ್ತದೆ. ಜೋಡಿಹಾಸಿಗೆಯನ್ನು ಒಂಟಿಯಾಗಿ ಮಲಗಿ ನೋಡಿ ಸರಿ ಎನ್ನುತ್ತ ಬಂದಿದ್ದಳು.

"ಹಾಗಾದ್ರೆ ಈಗ ನಿನಗೆ ಬಿಡುವಿಲ್ಲ, ಬರೋ ಬೇಸಗೆಗೆ ಗಂಡನ್ನ ಕರೆಸ್ಕೋ," ಎಂದುಬಿಟ್ಟರು ದೊಡ್ಡಮ್ಮ. "ಆ ಮೂಲೆ ಕೋಣೆ ನೀವಿಬ್ಬರೂ ನೋಡಿ ಹೇಳೋವರೆಗೂ ಬೀಗ ತೆಗೆಯಲ್ಲ."

ಅವತ್ತಿನಿಂದ ಅವಳ ಮನಸ್ಸೆಲ್ಲ ಆ ಕೋಣೆಯ ಸುತ್ತ. ಬೇಸಗೆ ಬಂದಿದೆ, ಅವನು ಬಂದಿಲ್ಲ. ಫೋನು ಮಾಡಿದಾಗೆಲ್ಲ ಆ ಕಡೆ ಬಾಣಲೆಯ ಸದ್ದು, ಯಾರೋ ಕೂಗುವ ಸದ್ದು. "ಬರ್ತೀನಿ ಕಣೇ, ಇನ್ನೊಬ್ಬ ಅಡುಗೆಯವನು ಸಿಗಲಿ," ಎನ್ನುತ್ತಾನೆ. ಒಂದೊಂದೇ ಕೋಣೆ ಮುಗಿಯುತ್ತಿದೆ. ಬಿಸಿಲು ಇಳಿದರೆ ಜನ ಬರುತ್ತಾರೆ, ಜನ ಬಂದರೆ ಮುಗಿಯಿತು. ಅವನಿಗೆ ಆಗದಿದ್ದರೆ ಜೊತೆಗೆ ನೆಲ ಒರೆಸುವವಳನ್ನು ಮಲಗಿಸಿಕೋ ಎಂದು ದೊಡ್ಡಮ್ಮ ಹೇಳಿಯಾಯಿತು. ಅವಳು ಇನ್ನೊಂದು ವಾರ ತಡೆಯಿರಿ ಎಂದಿದ್ದಾಳೆ.

ಆ ವಾರದ ಕೊನೆಯ ಬೆಳಿಗ್ಗೆ ದೂರದ ಬಸ್ಸು ಹೆಬ್ಬಾಗಿಲ ಬಳಿ ನಿಲ್ಲುತ್ತದೆ. ಇಳಿಯುವವನು ಒಬ್ಬನೇ. ಕೈಯಲ್ಲೊಂದು ಚೀಲ, ಅಂಗಿಗೆ ಇನ್ನೂ ಒಗ್ಗರಣೆಯ ವಾಸನೆ.

"ಸಂಜೆ ಬಸ್ಸಿಗೇ ವಾಪಸ್ಸು," ಎನ್ನುತ್ತಾನೆ ಅವನು ಮೊದಲ ಮಾತಿಗೇ, ತಪ್ಪು ಮಾಡಿದವನಂತೆ.

"ಮೊದಲು ಒಳಗೆ ಬನ್ನಿ."

"ಭಾವಾ, ಡ್ಯೂಟಿಗೆ ಬಂದ್ರಾ?" ಎಂದು ಬಾಗಿಲು ಕಾಯುವವನು ಕಣ್ಣು ಮಿಟುಕಿಸುತ್ತಾನೆ. ಅವಳು ಗಂಡನ ಕೈಯ ಚೀಲ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಾಳೆ. ಕಿವಿ ಕೆಂಪಾಗಿದೆ.

ಮೂಲೆಯ ಕೋಣೆಯ ಬೀಗ ತೆಗೆದು, ಬೆಳ್ಳಂಬೆಳಗ್ಗೆಯೇ ಪರದೆ ಎಳೆದು ಮುಚ್ಚುತ್ತಾಳೆ. ಬಸ್ಸಿನಲ್ಲಿ ಕಣ್ಣು ಮುಚ್ಚದೆ ಬಂದವನು ತಲೆ ಇಟ್ಟದ್ದೇ ತಡ ಗೊರಕೆ. ಅವಳು ಮಾತ್ರ ರೂಢಿಯಂತೆ ಅಂಗಾತ ಮಲಗಿ ಕಿವಿಗೊಡುತ್ತಾಳೆ. ನಲ್ಲಿ, ಕಿಟಕಿ, ಗೊರಕೆ. ಸ್ವಲ್ಪ ಹೊತ್ತಿಗೆ ಹಾಸಿಗೆ ಮೆಲ್ಲಗೆ ವಾಲುತ್ತದೆ. ಅಂಚನ್ನು ಹಿಡಿದುಕೊಳ್ಳಬಹುದಿತ್ತು. ಹಿಡಿದುಕೊಳ್ಳುವುದಿಲ್ಲ. ಅವನ ತೋಳು ಭುಜಕ್ಕೆ ತಗುಲುವಷ್ಟರಲ್ಲಿ ಅವಳಿಗೂ ಜೊಂಪು ಹತ್ತಿದೆ.

"ಆಮೇಲೆ ಏನೂ ಕೇಳಿಸ್ಲಿಲ್ಲ. ನನ್ನ ಸರ್ವೀಸಲ್ಲೇ ಮೊದಲನೇ ಸಲ," ಎಂದು ಎಚ್ಚರವಾದ ಮೇಲೆ ನೆಲ ನೋಡುತ್ತ ಹೇಳುತ್ತಾಳೆ.

ಇಳಿಹೊತ್ತಿಗೆ ಇಬ್ಬರೂ ಕೆಳಗೆ ಬರುತ್ತಾರೆ. "ಹೇಗಿತ್ತಪ್ಪಾ ಹಾಸಿಗೆ?" ಎಂದು ದೊಡ್ಡಮ್ಮ ಕೇಳಿದರೆ ಅವನು ಕೆನ್ನೆ ತುರಿಸಿಕೊಳ್ಳುತ್ತಾನೆ. "ನನ್ನೇನು ಕೇಳ್ತೀರಾ, ಎಲ್ಲಿ ಮಲಗಿದ್ದೆ ಅಂತಾನೇ ಗೊತ್ತಿಲ್ಲ," ಎನ್ನುತ್ತಾನೆ. ಆಮೇಲೆ ಹೊತ್ತೇ ಇಲ್ಲ. ಬಸ್ಸು ಹಾರ್ನು ಹೊಡೆಯುತ್ತದೆ. ಅವನು ಕಿಟಕಿಯಿಂದ ಕೈ ಬೀಸುವುದಿಲ್ಲ, ಅವಳೂ ಬೀಸುವುದಿಲ್ಲ. ಅವರಿಗೆ ಆ ಅಭ್ಯಾಸವಿಲ್ಲ. ಬಸ್ಸು ಕೋಟೆಯ ಮೂಲೆ ತಿರುಗಿ, ಅದರ ಧೂಳೂ ಕೂತ ಮೇಲೆ ಅವಳು ಒಳಗೆ ಬರುತ್ತಾಳೆ.

ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡುತ್ತಾರೆ. "ನೀನಾದ್ರೂ ಹೇಳೇ. ಸರಿ ಇದ್ಯಾ, ಇಲ್ವಾ?"

ಅವಳು ಸುಳ್ಳು ಹೇಳುವವಳಲ್ಲ. "ಇಲ್ಲ ದೊಡ್ಡಮ್ಮ. ನಡುವೆ ತಗ್ಗಿದೆ. ಬದಲಾಯಿಸ್ಬೇಕು."

"ಆಯ್ತು, ಹೊಸದು ಹೇಳ್ತೀನಿ."

"ಬಿಸಿಲು ಇಳಿಯೋಕೆ ಮುಂಚೆ ತರಿಸಿ," ಎಂದು ಬೀಗದ ಕೈಯನ್ನು ಮೇಜಿನ ಮೇಲಿಡುತ್ತಾಳೆ. ದನಿ ಕೆಲಸದ ದನಿಯೇ, ತಲೆ ಮಾತ್ರ ಎತ್ತುವುದಿಲ್ಲ. "ಅದನ್ನೂ ಇಬ್ಬರೂ ಮಲಗಿ ನೋಡ್ಬೇಕಾಗತ್ತೆ. ಒಬ್ಬಳಿಗೆ ಗೊತ್ತಾಗಲ್ಲ."