ಸೀಸೆಯಲ್ಲಿದ್ದ ನನ್ನ ಹುಳು

ಕೇಳಿ ಮಕ್ಕಳೇ, ನಾನು ಚಿಕ್ಕವನಿದ್ದಾಗ ಹಲಸೂರಿನ ನಮ್ಮ ವಠಾರದಲ್ಲಿ ಯಾವ ಮಗುವಿಗೆ ಹೊಟ್ಟೆನೋವು ಬಂದರೂ ತಪ್ಪು ಬೆಲ್ಲದ್ದೇ. ಬೆಲ್ಲ ಕದ್ದು ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆ ಎಂದು ದೊಡ್ಡವರೆಲ್ಲ ನಂಬಿದ್ದರು. ಹಾಗಾಗಿ ಆಗಾಗ ಒಂದು ಭಾನುವಾರ ಬೆಳಿಗ್ಗೆ ಅಪ್ಪ ನನ್ನ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. ಅದರ ಮೇಲೆ ಒಂದು ಲೋಟ ಬಿಸಿ ಕಾಫಿ. ಆ ಅಂಟು, ಆ ವಾಸನೆ, ಅಬ್ಬಬ್ಬಾ! ಇವತ್ತಿಗೂ ಹರಳೆಣ್ಣೆ ಕಂಡರೆ ನನ್ನ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಂಥದ್ದೇ ಒಂದು ಭಾನುವಾರ, ವಠಾರದ ಹಿಂದಿನ ಕಕ್ಕಸಿನಲ್ಲಿ, ಗೇಣುದ್ದದ ಬಿಳಿ ಹುಳುವೊಂದು ನನ್ನ ಹೊಟ್ಟೆಯಿಂದ ಹೊರಬಿತ್ತು. ಕರುಳೇ ಕಳಚಿ ಬಿತ್ತೆಂದು ನಡುಗಿಹೋದೆ. ಅಪ್ಪನಿಗೆ ಹೇಳುವಂತಿರಲಿಲ್ಲ, ಬೆಲ್ಲದ ಡಬ್ಬಿ ಖಾಲಿ ಮಾಡಿದವನು ಯಾರೆಂದು ಗೊತ್ತಾಗಿಬಿಡುತ್ತಿತ್ತು. ಶಾಲೆಯ ಹುಡುಗರಿಗೆ ತಿಳಿದರಂತೂ ಮುಗಿದೇ ಹೋಯಿತು. ನಮ್ಮ ತರಗತಿಯಲ್ಲಿ ಒಬ್ಬನಿಗೆ ಕಜ್ಜಿಯಾದಾಗ ವಾರಗಟ್ಟಲೆ ಅವನ ಪಕ್ಕ ಯಾರೂ ಕೂತಿರಲಿಲ್ಲ. ನನಗೋ ಜೀವದ ಗೆಳೆಯನೊಬ್ಬನಿದ್ದ. ಅವನ ಮನೆಮಾತು ತಮಿಳು. ದಿನಾ ಮಧ್ಯಾಹ್ನ ಅವನ ಪುಳಿಯೋಗರೆಗೆ ನಾನು ಕೈ ಹಾಕುತ್ತಿದ್ದೆ, ನನ್ನ ರೊಟ್ಟಿಗೆ ಅವನು. ಅವನನ್ನು ಕಳೆದುಕೊಳ್ಳುವ ಭಯಕ್ಕೆ ನಾನು ಅಕ್ಕನೊಬ್ಬಳನ್ನೇ ಕರೆದೆ.

ಅಕ್ಕ ಆಗ ನರ್ಸ್ ತರಬೇತಿಯಲ್ಲಿದ್ದಳು. ಹೇಸಲಿಲ್ಲ, ಬೈಯಲಿಲ್ಲ. ಹುಳುವನ್ನು ಕಡ್ಡಿಯಿಂದ ಎತ್ತಿ, ತೊಳೆದು, ಔಷಧಿಯ ಸೀಸೆಗೆ ಹಾಕಿದಳು. ಇದಕ್ಕೂ ಬೆಲ್ಲಕ್ಕೂ ಸಂಬಂಧವೇ ಇಲ್ಲ ಎಂದಳು. ಅಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿಯಿತ್ತು. ಅಲ್ಲಿಗೆ ಹೋದಾಗಲೆಲ್ಲ ನಾನು ಮಣ್ಣು ಮೆತ್ತಿದ ಕ್ಯಾರೆಟ್ ಎತ್ತಿ, ಚಡ್ಡಿಗೆ ಒರೆಸಿ, ಕಟಕಟ ಕಡಿಯುತ್ತಿದ್ದೆ. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳಿರುತ್ತವಂತೆ; ನಮ್ಮ ಹೊಟ್ಟೆಗೆ ಹೋಗಿ ಹುಳುವಾಗುತ್ತವಂತೆ.

“ಯಾರಿಗೂ ಹೇಳ್ಬೇಡ ಅಕ್ಕ,” ಎಂದು ಅವಳ ಕೈ ಹಿಡಿದುಕೊಂಡೆ.

“ಹೇಳಲ್ಲ ಕಣೋ. ನಮ್ಮ ಟೀಚರ್‌ಗೆ ತೋರಿಸ್ತೀನಿ, ಅಷ್ಟೇ,” ಎಂದಳು. ನಾನು ನಂಬಿದೆ.

ಕೆಲವು ದಿನಗಳಾದ ಮೇಲೆ ಅದೇ ಅಕ್ಕ ನಮ್ಮ ಶಾಲೆಗೆ ಬಂದಳು, ರೋಗ ತರುವ ಕ್ರಿಮಿಗಳ ಬಗ್ಗೆ ಪಾಠ ಹೇಳಲು. ತರಬೇತಿಯವರನ್ನು ಹಾಗೆ ಶಾಲೆಗಳಿಗೆ ಕಳಿಸುತ್ತಿದ್ದರು. ಗಂಜಿ ಹಾಕಿದ ಬಿಳಿ ಸೀರೆ, ಮೈಯೆಲ್ಲ ಆಸ್ಪತ್ರೆಯ ವಾಸನೆ. ನಾನು ಗೆಳೆಯನನ್ನು ಮೊಣಕೈಯಿಂದ ತಿವಿದು, ನನ್ನಕ್ಕ ನೋಡು ಎಂದು ಬೀಗಿದೆ. ಉಗುರಿನ ಕೊಳೆ, ನೊಣದ ಕಾಲು, ಕುದಿಸದ ನೀರು, ಕೆರೆಯ ದಂಡೆಯಲ್ಲಿ ಬರಿಗಾಲ ಓಡಾಟ, ಎಲ್ಲವನ್ನೂ ಅವಳು ಹೇಳಿದಳು. ಹುಡುಗರು ಆಕಳಿಸಿದರು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಕಾಣದ ಮೊಟ್ಟೆಯನ್ನು ಯಾರು ನಂಬುತ್ತಾರೆ? ಅಕ್ಕನ ಮುಖ ಕೆಂಪಾಯಿತು. ಆಗ ಅವಳು ಚೀಲದಿಂದ ಆ ಸೀಸೆ ತೆಗೆದಳು.

“ಇದು ಪುಸ್ತಕದ ಚಿತ್ರ ಅಲ್ಲ. ಇಲ್ಲೇ ಕೂತಿದಾನಲ್ಲ ನನ್ನ ತಮ್ಮ, ಅವನ ಹೊಟ್ಟೆಯಿಂದ ಬಂದಿದ್ದು.”

ತರಗತಿಯೆಲ್ಲ ನನ್ನ ಕಡೆ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಅಕ್ಕನನ್ನೇ ನೋಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪಾಠವೇನೋ ಗೆದ್ದಿತು. ಊಟದ ಗಂಟೆ ಹೊಡೆದಾಗ ಎಲ್ಲರೂ ಸೋಪಿಗಾಗಿ ನಲ್ಲಿಯ ಹತ್ತಿರ ಕಿತ್ತಾಡಿದರು. ನಾನೂ ಉಜ್ಜಿ ಉಜ್ಜಿ ಕೈ ತೊಳೆದು ಬಂದು, ಎಂದಿನಂತೆ ಗೆಳೆಯನ ಡಬ್ಬಿಗೆ ಕೈ ಚಾಚಿದೆ. ಅವನು ಮುಚ್ಚಳ ಹಾಕಿಬಿಟ್ಟ.

“ಬೇಡ ಕಣೋ. ನಮ್ಮಮ್ಮ ಬೈತಾರೆ,” ಎಂದ. ಅವನಮ್ಮನಿಗೆ ಇನ್ನೂ ವಿಷಯವೇ ಗೊತ್ತಿರಲಿಲ್ಲ. ತೊಳೆದ ಕೈಯಿಂದ ಹುಳು ಹತ್ತುವುದಿಲ್ಲ ಎಂಬ ಮಾತನ್ನು ಅಕ್ಕ ಪಾಠದಲ್ಲಿ ಹೇಳಿರಲಿಲ್ಲ.

ಸಂಜೆ ಅಳುತ್ತ ಅಪ್ಪನಿಗೆ ಎಲ್ಲ ಹೇಳಿಕೊಂಡೆ. ಅವರಾದರೂ ನನ್ನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಒಳ್ಳೇದಕ್ಕೇ ತಾನೇ ಹೇಳಿದ್ದು, ನಾಲ್ಕು ಮಕ್ಕಳಿಗೆ ಬುದ್ಧಿ ಬಂತಲ್ಲ ಎಂದುಬಿಟ್ಟರು. ಅಕ್ಕನೂ ಅದನ್ನೇ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆ ವರ್ಷವೆಲ್ಲ ಶಾಲೆಯಲ್ಲಿ ಒಬ್ಬನೇ ಕೂತು ಉಂಡೆ. ಅಕ್ಕನಿಗೆ ಮತ್ತೆ ಯಾವ ಗುಟ್ಟನ್ನೂ ಹೇಳಲಿಲ್ಲ. ಮುಂದೊಮ್ಮೆ ಕಾಮಾಲೆ ಬಂದು ಕಣ್ಣು ಹಳದಿಯಾದಾಗಲೂ ಅವಳಿಗೆ ಕಾಣದಂತೆ ಮುಖ ತಿರುಗಿಸಿಕೊಂಡಿದ್ದೆ.

ನಿಮ್ಮ ಕಾಲ ಬೇರೆ ಮಕ್ಕಳೇ. ಇಂದಿರಾನಗರದ ನಿಮ್ಮ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆಯನ್ನು ಎಲ್ಲರಿಗೂ ಒಂದೇ ದಿನ ಕೊಡುತ್ತಾರೆ, ಹುಳು ಇದ್ದವರಿಗೂ ಇಲ್ಲದವರಿಗೂ. ಅಗಿದು ನುಂಗಿ ಆಟಕ್ಕೆ ಓಡುತ್ತೀರಿ. ಹುಳುವಿನ ಮೊಟ್ಟೆಯನ್ನು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ತೋರಿಸುತ್ತಾರೆ. ಅದು ಯಾರ ಹೊಟ್ಟೆಯದೆಂದು ಯಾರೂ ಕೇಳುವುದಿಲ್ಲ. ಪುಣ್ಯವಂತರು ನೀವು.

ಮೊನ್ನೆ ಮೆಟ್ರೊದಲ್ಲಿ ಬಂದ ಅಕ್ಕ ಈ ಕಥೆಯನ್ನು ಮತ್ತೆ ತಮಾಷೆಯಾಗಿ ಹೇಳಿದಳು. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಪ್ರತಿಸಲ ನಾನೂ ನಗುತ್ತಿದ್ದೆ, ಈ ಸಲ ಆಗಲಿಲ್ಲ.

“ಏನೋ, ಇನ್ನೂ ಬೇಜಾರಿದೆಯಾ?” ಎಂದು ಕೇಳಿದಳು.

“ಹೂಂ ಅಕ್ಕ, ಇದೆ,” ಎಂದೆ.

ನಿಮ್ಮ ನಗು ನಿಂತಿತು. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಅವತ್ತು ಎಲ್ಲ ನನ್ನನ್ನ ನೋಡಿ ನಗ್ತಿದ್ರು ಕಣೋ,” ಎಂದಳು. ಇಷ್ಟು ವರ್ಷ ಒಳ್ಳೇದಕ್ಕೆ, ಒಳ್ಳೇದಕ್ಕೆ ಎನ್ನುತ್ತ ಬಂದವಳ ಬಾಯಲ್ಲಿ ನಿಜ ಬಂದದ್ದು ಅದೇ ಮೊದಲು.