ಬೀಗರೂಟಕ್ಕೆ ಹೋಗಿ ನಲ್ಲಿ ಕಳೆದುಕೊಂಡೆವು

ಈ ಸೋಮವಾರ ಬೆಳಿಗ್ಗೆ ನಲ್ಲಿ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದದ್ದು ಒಂದು ಎಮ್ಮೆ. ನನಗಿಂತ ಮೊದಲೇ ಬಂದಿತ್ತು, ಜಗಳ ಆಡುವ ಹಾಗಿರಲಿಲ್ಲ. (ಎಮ್ಮೆ ಪಂಚಾಯ್ತಿ ಮೆಂಬರ್ ಪುಟ್ಟಸ್ವಾಮಿಯದು. ನಲ್ಲಿ ಇರುವುದೂ ಕೆಳಗಲ ಬೀದಿಯ ಅವನ ಕೊಟ್ಟಿಗೆ ಮುಂದೆ.)

ನಮ್ಮ ಮೇಗಲ ಬೀದಿಗೆ ಬರಬೇಕಿದ್ದ ನಲ್ಲಿ ಅಲ್ಲಿಗೆ ಹೋದದ್ದು ಹೇಗೆ? ತಪ್ಪು ನಮ್ಮದೇ.

ಹೋದ ವರ್ಷ ನಮ್ಮ ಬೀದಿಯ ಜವರಣ್ಣ ಪಂಚಾಯ್ತಿಗೆ ನಿಂತಿದ್ದ. "ಗೆದ್ರೆ ಮೊದ್ಲು ನಲ್ಲಿ" ಎಂದು ಮನೆಮನೆಗೂ ಹೇಳಿದ್ದ. ಅದೇ ತಿಂಗಳು ಅವನ ಮಗಳ ಮದುವೆಯೂ ಆಗಿತ್ತು. ಕ್ಯಾತನಹಳ್ಳಿಯ ಬೀಗರು ಬೀಗರೂಟ ಇಟ್ಟುಕೊಂಡದ್ದು ಯಾವತ್ತು? ವೋಟಿನ ದಿನ! ಸರ್ಕಾರಿ ರಜಾ ಅಲ್ಲವೇ, ನೌಕರಿಯವರೂ ಬರುತ್ತಾರೆ ಅಂತ. ನಮ್ಮ ಪಾಂಡವಪುರ ಸೀಮೆಯಲ್ಲಿ ಹೆಣ್ಣು ಕೊಟ್ಟವನು ಬೀಗರಿಗೆ ಬೇಡ ಎನ್ನುವುದುಂಟೇ?

"ಒಂದ್ಗಂಟೆಗೆ ಉಂಡು, ಮೂರ್ಗಂಟೆಗೆ ಬಂದು ವೋಟ್ ಒತ್ತದು ಕಣಕ್ಕಾ" ಎಂದು ಜವರಣ್ಣನೇ ಇಡೀ ಬೀದಿಯನ್ನು ಟ್ರಾಕ್ಟರಿಗೆ ಹತ್ತಿಸಿದ.

ಅಲ್ಲಿ ಬಾಡು ಬೇಯುವ ಹೊತ್ತಿಗೆ ಎರಡೂವರೆ. ಮೊದಲ ಪಂಕ್ತಿ ಹಿರಿಯರದು, ಆಮೇಲೆ ನಮ್ಮದು, ಕಟ್ಟಕಡೆಯದು ಟ್ರಾಕ್ಟರ್ ಡ್ರೈವರನದು. "ಒತ್ತಾಯ್ತು, ಬಿರ್ನೆ ಏಳ್ಲಾ" ಎಂದು ಜವರಣ್ಣ ಅವನ ಕಿವಿಯಲ್ಲಿ ಹೇಳಿದರೆ ಬೀಗರು ಗದರಿದರು: "ಎಲೆ ಮುಂದೆ ಕುಂತೋನ ಎಬ್ಬುಸ್ತಾರಾ ಬೀಗ್ರೇ? ಇನ್ನೆಲ್ಡು ತುಂಡು ಆಕಿ ಅವ್ನ್ಗೆ!"

ಜವರಣ್ಣ ತನ್ನ ಕೈಯಾರೆ ಬಡಿಸಿದ.

ನಾವು ಬೂತ್ ಮುಟ್ಟಿದಾಗ ವೋಟಿನ ಪೆಟ್ಟಿಗೆಗೆ ಅರಗು ಬಿದ್ದಿತ್ತು.

"ಸಾ, ನಾನು ಕ್ಯಾಂಡಿಡೇಟು ಸಾ!" ಜವರಣ್ಣ ಅತ್ತೇಬಿಟ್ಟ.

"ಬೆಳಗ್ಗೆಯಿಂದ ಎಲ್ರೀ ಇದ್ರಿ?" ಎಂದರು ಬೂತಿನ ಮೇಷ್ಟ್ರು.

"ಊಟಕ್ಕೋಗಿದ್ದೊ."

ಜವರಣ್ಣ ಪುಟ್ಟಸ್ವಾಮಿ ಎದುರು ಸೋತದ್ದು ಹನ್ನೊಂದು ವೋಟಿನಲ್ಲಿ. ಟ್ರಾಕ್ಟರಿನಲ್ಲಿದ್ದವರು ಮೂವತ್ತೆಂಟು ಜನ! (ಜವರಣ್ಣ ಮತ್ತು ನಾನೂ ಸೇರಿ.)

ಬೆಳಿಗ್ಗೆಯೇ ವೋಟು ಹಾಕಿ ಹೊರಡಬಹುದು ಎಂದು ಒಬ್ಬರಿಗಾದರೂ ಹೊಳೆಯಬಾರದೇ? ಅಸೆಂಬ್ಲಿ ಎಲೆಕ್ಷನ್ ಆಗಿದ್ದರೆ ಮಿಂದು, ಮಡಿಸಿಟ್ಟ ಸೀರೆ ಉಟ್ಟು ಸಾಲು ನಿಲ್ಲುತ್ತಿದ್ದೆವು. ಇದು ಪಂಚಾಯ್ತಿ ತಾನೇ ಎಂಬ ಉದಾಸೀನ. ನನ್ನ ಬಿಂದಿಗೆಗೆ ನೀರು ವಿಧಾನಸೌಧದಿಂದ ಬರುತ್ತದೆಯೇ?

ಎಮ್ಮೆ ಕುಡಿದು ಹೋದ ಮೇಲೆ, ಕೊಟ್ಟಿಗೆ ಮುಂದೆ ಹಲ್ಲುಜ್ಜುತ್ತಾ ನಿಂತಿದ್ದ ಪುಟ್ಟಸ್ವಾಮಿಯನ್ನು ನಾವು ಐದಾರು ಹೆಂಗಸರು ಕೇಳಿಯೇಬಿಟ್ಟೆವು: "ನಮ್ ಬೀದಿಗೂ ಒಂದು ನಲ್ಲಿ ಆಕ್ಸಪ್ಪಾ."

ಅವನು ಉಗಿದು, ನಿಧಾನವಾಗಿ ಬಾಯಿ ಮುಕ್ಕಳಿಸಿದ. "ಮೇಗಲ್ ಬೀದೀಲಿ ಜನ ಅವ್ರಾ ಅಕ್ಕಾ? ವೋಟಿನ್ ದಿನ ಒಬ್ರೂ ಕಾಣ್ನಿಲ್ವಲ್ಲ!"

ಇದ್ದೇವೆ ಎನ್ನೋಣವೆಂದರೆ, ಅವತ್ತು ಒಬ್ಬಳ ಬೆರಳಿಗಾದರೂ ಶಾಯಿ ಬಿದ್ದಿರಬೇಡವೇ?